ತಡೆದುಕೊಳ್ಳುವ ವಿದ್ಯೆ

ಬಸ್ಸು ಹತ್ತುವ ದಿನ ಬೆಳಗಿನ ಕಾಫಿಯನ್ನು ಅರ್ಧ ಲೋಟಕ್ಕೇ ನಿಲ್ಲಿಸುವ ಹೆಂಗಸರನ್ನು ನೀವು ನೋಡಿರಬಹುದು. ನೋಡಿಲ್ಲವಾದರೆ ನಿಮ್ಮ ತಾಯಿಯನ್ನೋ ಅಕ್ಕನನ್ನೋ ಕೇಳಿ, ಅವರು ನಕ್ಕು ಮಾತು ಮರೆಸಿದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ. ಚನ್ನರಾಯಪಟ್ಟಣದ ಮನೆಯಿಂದ ಹೊರಟು, ಮೊದಲು ಹೊಳೆನರಸೀಪುರದಲ್ಲಿ, ಆಮೇಲೆ ಇನ್ನೂ ದೂರದ ಅರಕಲಗೂಡಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ನನಗೆ ಸಂಧಿ, ಸಮಾಸಗಳಷ್ಟೇ ಚೆನ್ನಾಗಿ ಬರುತ್ತಿದ್ದ ಇನ್ನೊಂದು ವಿದ್ಯೆಯೆಂದರೆ ಇದೇ, ತಡೆದುಕೊಳ್ಳುವುದು. ಗಂಡಸರಿಗೆ ದಾರಿಯುದ್ದಕ್ಕೂ ಬೇಲಿಗಳಿದ್ದವು, ಹುಣಸೆಮರಗಳಿದ್ದವು. ನಮಗೆ ಇದ್ದದ್ದು ಕಿಟಕಿಯ ಕಂಬಿ ಮತ್ತು ಕಚ್ಚಿಕೊಳ್ಳಲು ಸ್ವಂತ ತುಟಿ.

ಈ ವಿದ್ಯೆಗೆ ಒಂದು ದಿನ ಪರೀಕ್ಷೆ ಬರುತ್ತದೆ, ಅದರಲ್ಲಿ ಪಾಸಾದರೆ ಮಾತ್ರ ನನ್ನ ಮೂತ್ರಕೋಶ ನನ್ನಲ್ಲೇ ಉಳಿಯುತ್ತದೆ ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ನೋವಿಲ್ಲ, ಜ್ವರವಿಲ್ಲ, ಒಂದು ಬೆಳಿಗ್ಗೆ ಬರೀ ಕೆಂಪು. ಹಿಂದಿನ ದಿನ ತಿಂದ ಬೀಟ್‌ರೂಟ್ ಪಲ್ಯದ ಮೇಲೆ ತಪ್ಪು ಹೊರಿಸಿದೆ. ಶಾಂತಿಗ್ರಾಮದಲ್ಲಿರುವ ಜಯಕ್ಕ, ಅಂದರೆ ನಮ್ಮ ಯಜಮಾನರ ಅಕ್ಕ, ಫೋನಿನಲ್ಲೇ ತೀರ್ಪು ಕೊಟ್ಟರು: "ಉಷ್ಣ ಕಣೇ ಸರೋಜಿ, ಬರೀ ಉಷ್ಣ. ಎಳನೀರು ಕುಡಿ, ವಂಟೋಯ್ತದೆ." ಹೋಗಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಒಳಗಿನ ಗಂಟನ್ನು ಕೆರೆದು ತೆಗೆದು, ಪರೀಕ್ಷೆಗೆ ಕಳಿಸಿ, ಕ್ಯಾನ್ಸರ್ ಎಂದರು. ಇನ್ನು ವಾರಕ್ಕೊಮ್ಮೆ ಮೂತ್ರಕೋಶದೊಳಕ್ಕೇ ಔಷಧಿ ಬಿಡುತ್ತೇವೆ, ಅದಕ್ಕೂ ಬಗ್ಗದೆ ರೋಗ ಮತ್ತೆ ತಲೆಯೆತ್ತಿದರೆ ಮೂತ್ರಕೋಶವನ್ನೇ ತೆಗೆದು ಹೊಟ್ಟೆಯ ಮೇಲೊಂದು ಚೀಲ ಕಟ್ಟಬೇಕಾದೀತು ಎಂದೂ ಹೇಳಿದರು.

ಆ ಔಷಧಿ ಯಾವುದು ಗೊತ್ತೇ? ಹಸುಗೂಸುಗಳ ತೋಳಿಗೆ ಚುಚ್ಚುವ ಬಿಸಿಜಿ! ಅರವತ್ತು ದಾಟಿದವಳಿಗೆ ಕೂಸಿನ ಮದ್ದು. ಸುದ್ದಿ ಕೇಳಿದ ಜಯಕ್ಕ, "ಅಂಗಾರೆ ದೃಷ್ಟಿಬೊಟ್ಟು ಇಕ್ಕಂಡೋಗು" ಎಂದರು. ಎಷ್ಟೋ ದಿನಗಳ ಮೇಲೆ ನಾನು ಬಾಯಿತುಂಬ ನಕ್ಕಿದ್ದು ಅಂದೇ.

ಕಟ್ಟುನಿಟ್ಟು ಎರಡೇ. ಔಷಧಿಗೆ ಮುಂಚೆ ಕೆಲವು ಗಂಟೆ ಏನೂ ಕುಡಿಯಬಾರದು. ಒಳಗೆ ಬಿಟ್ಟ ಔಷಧಿಯನ್ನು ಎರಡು ಗಂಟೆ ಹೊರಗೆ ಬಿಡಬಾರದು. ಇಷ್ಟೇ ತಾನೆ ಎಂದು ಒಳಗೊಳಗೇ ಹಿಗ್ಗಿದೆ. ಆದರೆ ಮೊದಲ ದಿನ ದಾರಿಯಲ್ಲಿ ಶಾಂತಿಗ್ರಾಮ ಇತ್ತಲ್ಲ! ನಮ್ಮ ಕಡೆ ಮನೆ ಬಾಗಿಲಿಗೆ ಬಂದವರನ್ನು ಬಾಯಾರಿಸಿ ಕಳಿಸುವುದುಂಟೇ? ಅದರಲ್ಲೂ ಕಾಯಿಲೆಯವಳನ್ನು, ಅದರಲ್ಲೂ ಹಾಲು ಕರೆದು ಡೈರಿಗೆ ಹಾಕುವ ಮನೆಯವರು? ಎರಡು ನಿಮಿಷ ಕಂಡು ಹೋಗೋಣವೆಂದು ಇಳಿದವಳಿಗೆ ಜಯಕ್ಕ ಎಳನೀರು ಕೆತ್ತಿಸಿ ಕೈಗಿಟ್ಟರು. ಬೇಡವೆಂದೆ. "ಎಳನೀರು ನೀರಾ? ಮದ್ದು ಕಣವ್ವ" ಎಂದರು. ಕುಡಿದೆ. ಅದರ ಬೆನ್ನಿಗೆ ದೊಡ್ಡ ಲೋಟದ ತುಂಬ ಮಜ್ಜಿಗೆ ಬಂತು. ಹಿರಿಯರು ಹಿಡಿದ ಲೋಟವನ್ನು ಹೇಗೆ ತಳ್ಳುವುದು? ಅದನ್ನೂ ಕುಡಿದೆ. ಆಸ್ಪತ್ರೆಯಲ್ಲಿ ಔಷಧಿ ಬಿಟ್ಟು ಅರ್ಧ ಗಂಟೆಯಾಗಿರಲಿಲ್ಲ, ನನ್ನ ಇಡೀ ಸರ್ವೀಸಿನ ವಿದ್ಯೆ ಸೋತುಹೋಯಿತು. ಅಮೂಲ್ಯವಾದ ಔಷಧಿ ಕಮೋಡಿನ ಪಾಲಾಯಿತು. ನರ್ಸಮ್ಮ ಬೈದದ್ದಕ್ಕಿಂತ, ಉಳಿಯಬೇಕಾದ್ದನ್ನು ನನ್ನ ಕೈಯಾರೆ ಕಳೆದುಕೊಂಡೆನೇನೋ ಎಂಬ ಭಯವೇ ದೊಡ್ಡದಾಗಿತ್ತು.

ವಿಷಯ ತಿಳಿದ ಜಯಕ್ಕ ಆ ರಾತ್ರಿ ಊಟ ಮಾಡಲಿಲ್ಲವಂತೆ. ಮುಂದಿನ ವಾರ ಶಾಂತಿಗ್ರಾಮದ ಸ್ಟಾಪಿನಲ್ಲಿ ಹೊಸ ಸೀರೆಯುಟ್ಟು ನಿಂತಿದ್ದರು, ಕೈಯಲ್ಲಿ ಲೋಟವೂ ಇಲ್ಲ, ಚೊಂಬೂ ಇಲ್ಲ. ಬಸ್ಸು ಹತ್ತಿ ನನ್ನ ಪಕ್ಕ ಒತ್ತರಿಸಿ ಕುಳಿತು, "ಇವತ್ತು ನಂದೂ ಬಾಯಿ ವಣಗೇ ಇರ್ತದೆ. ನೀನು ಎದ್ದೋಗಗಂಟ ನಾನೂ ಏಳಾಕಿಲ್ಲ" ಎಂದು ಸಾರಿದರು. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಪಂದ್ಯ! ನಾನು ಮಂಚದ ಮೇಲೆ ಡಾಕ್ಟರು ಹೇಳಿದಂತೆ ಆಗಾಗ ಮಗ್ಗುಲು ಬದಲಿಸುತ್ತ, ಅವರು ಪಕ್ಕದ ಸ್ಟೂಲಿನ ಮೇಲೆ ಕಾಲಮೇಲೆ ಕಾಲು ಹಾಕಿಕೊಂಡು, ಇಬ್ಬರ ಕಣ್ಣೂ ಗೋಡೆಯ ಗಡಿಯಾರದ ಮೇಲೆ. ಯಾರಾದರೂ ನಲ್ಲಿ ಬಿಟ್ಟರೆ ಸಾಕು, "ಅದ್ಯಾರಪ್ಪ, ನಿಲ್ಸಿ!" ಎಂದು ಜಯಕ್ಕ ಗದರುತ್ತಿದ್ದರು. ನಗಿಸಬೇಡಿ ಜಯಕ್ಕ, ನಕ್ಕರೆ ಕೆಟ್ಟೆ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಹೊತ್ತು ತುಂಬಿದೊಡನೆ ನಾನೊಂದು ದಿಕ್ಕಿಗೆ, ಅವರೊಂದು ದಿಕ್ಕಿಗೆ ಓಡುವುದನ್ನು ನೋಡಲು ವಾರ್ಡಿನವರೆಲ್ಲ ಕಾಯುತ್ತಿದ್ದರು. ಆಮೇಲಿನ ಉರಿ, ಸಂಜೆಯ ಜ್ವರ ಸುಳ್ಳೆಂದು ಹೇಳಲಾರೆ. ಆದರೆ ಇಷ್ಟು ವರ್ಷ ಹೆಂಗಸರು ಒಬ್ಬೊಬ್ಬರೇ ಮುಚ್ಚಿಟ್ಟು ಅನುಭವಿಸಿದ ಈ ಸಂಕಟವನ್ನು ಇಬ್ಬರು ಸೇರಿ ಬಹಿರಂಗವಾಗಿ ಅನುಭವಿಸುವುದರಲ್ಲಿ ಎಂಥ ಸಡಗರವಿತ್ತು ಎಂಬುದನ್ನೂ ಮುಚ್ಚಿಡಲಾರೆ.

ಔಷಧಿಯ ಸರದಿ ಮುಗಿದು ಕೆಲವು ವಾರಗಳ ಮೇಲೆ ಮೂತ್ರಕೋಶದೊಳಗೆ ದುರ್ಬೀನು ಹಾಕಿ ನೋಡುವ ದಿನ ಬಂತು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನನ್ನ ಶಾಲೆಯ ಮಕ್ಕಳು ನೋಟಿಸ್ ಬೋರ್ಡಿನ ಮುಂದೆ ಹೇಗೆ ನಿಲ್ಲುತ್ತಿದ್ದರೆಂಬುದು ನನಗೆ ಆ ಟೇಬಲ್ಲಿನ ಮೇಲೆ ಮಲಗಿದಾಗ ಅರ್ಥವಾಯಿತು. "ಟೀವಿ ನೋಡ್ತೀರಾ ಅಮ್ಮ?" ಎಂದು ಡಾಕ್ಟರಮ್ಮ ಪರದೆಯನ್ನು ನನ್ನತ್ತ ತಿರುಗಿಸಿದರು. ಅಯ್ಯೋ, ಅದನ್ನು ಹೇಗೆ ಹೇಳಲಿ! ಗುಲಾಬಿ ಬಣ್ಣದ ನುಣ್ಣನೆಯ ಗೋಡೆ, ಅದರ ಮೇಲೆ ಎಳೆಎಳೆಯಾಗಿ ಕೆಂಪು ನರಗಳು. ಜೀವಮಾನವಿಡೀ ನಾನು ಗದರಿಸಿಕೊಂಡು, ನಾಚಿಕೊಂಡು, ಕಾಯಿಸಿಕೊಂಡು ಬಂದ ಈ ಬಡಪಾಯಿ ಇಷ್ಟು ಚೆಲುವಾಗಿತ್ತೇ ಎಂದು ಬೆರಗಾದೆ, ಅದರ ಮೇಲೆ ಅಕ್ಕರೆ ಉಕ್ಕಿತು. ಹಳೆಯ ಗಂಟಿದ್ದ ಜಾಗದಲ್ಲಿ ಒಂದು ಬಿಳಿಯ ಗಾಯದ ಕಲೆ ಮಾತ್ರ ಇತ್ತು. ಡಾಕ್ಟರಮ್ಮ ಅಲ್ಲಿ ಬಹಳ ಹೊತ್ತು ನಿಂತರು. "ಪೂರ್ತಿ ಕ್ಲೀನಾಗಿದೆ" ಎಂದರು.

ಹೊರಗೆ ಬಂದು, ಕಾದು ಕುಳಿತಿದ್ದ ಇಬ್ಬರಿಗೂ ಒಳ್ಳೆಯ ಸುದ್ದಿಯೇ ಎಂಬಂತೆ ತಲೆಯಾಡಿಸಿದೆ. ಯಜಮಾನರು ಕನ್ನಡಕ ತೆಗೆದು ಒರೆಸತೊಡಗಿದರು. ಜಯಕ್ಕ ಮಾತ್ರ ಡಾಕ್ಟರಮ್ಮನನ್ನೇ ಅಡ್ಡಗಟ್ಟಿದರು. "ಇನ್ನು ಬರಾಕಿಲ್ಲ ತಾನೆ ಅದು?"

"ಹಾಗೆ ಹೇಳೋಕಾಗಲ್ಲ ಅಮ್ಮ. ಮೂರು ತಿಂಗಳಿಗೊಂದ್ಸಲ ನೋಡ್ತಾ ಇರಬೇಕು. ಔಷಧಿನೂ ಮತ್ತೆ ಹಾಕ್ಬೇಕು."

"ಆಕವ್ವ. ನಾವಿಬ್ರೂ ಬತ್ತೀವಿ."

ಮೂರು ತಿಂಗಳು! ನನಗದು ಒಂದು ಇಡೀ ಆಯುಷ್ಯದ ಹಾಗೆ ಕಂಡಿತು. ಕಾಯಿಲೆ ಬಂದಾಗಿನಿಂದ ಶೌಚಾಲಯವಿರುವ ಊರು ಮಾತ್ರ ನನ್ನ ಪಾಲಿಗೆ ಊರಾಗಿತ್ತು. ಉಳಿದ ಜಿಲ್ಲೆಯನ್ನೆಲ್ಲ ಬಿಟ್ಟುಕೊಟ್ಟಿದ್ದೆ. ಈಗ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಹಾಸನದ ಪಕ್ಕದ ಮೊಸಳೆ ಎಂಬ ಹಳ್ಳಿಯ ಹಳೆಯ ಜೋಡಿ ಗುಡಿ ನೋಡಬೇಕೆಂಬ ಆಸೆ ತಡೆಯಲಾರದೆ ಬಂತು. ಇಷ್ಟು ಹತ್ತಿರವಿದ್ದೂ ನೋಡಿ ಎಷ್ಟು ಕಾಲವಾಯಿತು! ಇವತ್ತೇ, ಈಗಲೇ ಹೋಗೋಣ ಎಂದೆ.

ಯಜಮಾನರು ಗಾಬರಿಯಾದರು. "ಈಗ್ತಾನೆ ದುರ್ಬೀನು ಹಾಕವ್ರೆ. ಗಳಿಗೆಗೊಂದ್ಸಲ ಅವಸರ ಆಗುತ್ತೆ ಅಂದವ್ರೆ. ಅಲ್ಲಿ ವ್ಯವಸ್ಥೆ ಇಲ್ದಿದ್ರೆ ಏನ್ಮಾಡ್ತೀಯ?"

ಜಯಕ್ಕ ತಮ್ಮನ ಕೈಯಿಂದ ಚೀಲ ಕಿತ್ತುಕೊಂಡು ಹೆಗಲಿಗೇರಿಸಿದರು.

"ವಲ ಐತೆ, ಬೇಲಿ ಐತೆ, ನಾನಿವ್ನಿ. ಸೆರಗು ಅಡ್ಡ ಇಡ್ಕಂಡು ನಿಂತ್ಕತೀನಿ. ನೀನು ಆ ಕಡೆ ತಿರುಕ್ಕಂಡ್ ನಿಂತ್ಕ, ಅಷ್ಟೇಯ. ನಡಿ ಸರೋಜಿ, ಬಸ್ಸತ್ತು."