ಬಾ ಯವ್ವಾ, ಒಳಗ ಬಾ

ನನಗೊಂದು ಕೆಟ್ಟ ಚಟವಿದೆ. ತುಂಬ ಖುಷಿಯಾದರೆ ಬಾಯಿಂದ ಧಾರವಾಡದ ಕನ್ನಡ ಹೊರಬಿದ್ದುಬಿಡುತ್ತದೆ. ವಡೋದರಾಕ್ಕೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಪಾಠ ಇಂಗ್ಲಿಷಿನಲ್ಲಿ, ಜಗಳ ಹಿಂದಿಯಲ್ಲಿ, ತರಕಾರಿ ಗುಜರಾತಿಯಲ್ಲಿ ಹೇಗೋ ನಡೆದಿದೆ. ಖುಷಿ ಮಾತ್ರ ಇನ್ನೂ ಊರು ಬಿಟ್ಟು ಬಂದಿಲ್ಲ. ಇತಿಹಾಸದ ಮೇಷ್ಟ್ರಿಗೆ ಖುಷಿಯಾಗುವ ಪ್ರಸಂಗಗಳು ಕಡಿಮೆಯಾದ್ದರಿಂದ ಇದರಿಂದ ದೊಡ್ಡ ತೊಂದರೆಯೇನೂ ಆಗಿರಲಿಲ್ಲ ಎನ್ನಿ.

ನಾನು ಇಲ್ಲಿಗೆ ಬಂದದ್ದು ಘನವಾದ ಉದ್ದೇಶ ಇಟ್ಟುಕೊಂಡಲ್ಲ. ಬ್ಯಾಂಕಿನಲ್ಲಿದ್ದ ಹೆಂಡತಿಗೆ ವರ್ಗವಾಯಿತು, ಸಾಮಾನಿನ ಜೊತೆ ನಾನೂ ಬಂದೆ. ಗೋರ್ವಾದ ಕಡೆ ಒಂದು ಚಿಕ್ಕ ಕ್ರಿಶ್ಚಿಯನ್ ಕಾಲೇಜಿಗೆ ಇತಿಹಾಸ ಕಲಿಸುವವರು ಸಿಕ್ಕಿರಲಿಲ್ಲ, ನಾನು ಸಿಕ್ಕೆ. ಅವಳು ಆಮೇಲೆ ಸೂರತ್ತು, ಅಹಮದಾಬಾದು ಎಲ್ಲ ಸುತ್ತಿ ಬಂದಳು. ನಾನು ಅದೇ ಕರಿಹಲಗೆಯ ಮುಂದೆ ನಿಂತೇ ಇದ್ದೆ.

ನಮ್ಮ ಪ್ರಿನ್ಸಿಪಾಲರು ಪಾದ್ರಿಗಳು, ಎಲ್ಲರೂ ಅವರನ್ನು ಫಾದರ್ ಎನ್ನುತ್ತಾರೆ. ಪಾಲಕರು ನನ್ನನ್ನೂ ಅದೇ ಲೆಕ್ಕಕ್ಕೆ ಸೇರಿಸಿದ್ದಾರೆ. ಒಮ್ಮೆ ಮಾರುಕಟ್ಟೆಯಲ್ಲಿ ಒಬ್ಬರು, “ನಮಸ್ತೆ ಫಾದರ್” ಎಂದು ಕೈಮುಗಿದವರು, ಪಕ್ಕದಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದ ನನ್ನ ಹೆಂಡತಿಯನ್ನೂ ಅವಳ ಮಂಗಳಸೂತ್ರವನ್ನೂ ನೋಡಿ ಗಾಬರಿಯಾದರು. “ಪುಣ್ಯಕ್ಕ ಮಗಳು ಜೋಡಿ ಇರಲಿಲ್ಲರೀ” ಎಂದು ಇವಳು ದಾರಿಯುದ್ದಕ್ಕೂ ನಕ್ಕಳು.

ಈ ವರ್ಷ ಮಾತ್ರ ನಗು ಬರಲಿಲ್ಲ. ಪ್ರವೇಶ ಶುರುವಾದಾಗ ಫಾದರ್ ಕರೆದು, “ಹತ್ತು ಮಂದಿ ಸೇರದಿದ್ದರೆ ಇನ್ನು ಮುಂದೆ ಇತಿಹಾಸ ಇರುವುದಿಲ್ಲ, ಪ್ರೊಫೆಸರ್” ಎಂದರು. ಮೆತ್ತಗೇ ಹೇಳಿದರು. ಕಾಲೇಜಿಗೆ ಹಾವು ಹೊಕ್ಕರೂ ಅವರು ಮೆತ್ತಗೇ ಹೇಳುವವರು. ನಮ್ಮ ವಿಭಾಗವೆಂದರೆ ನಾನೊಬ್ಬನೇ. ಅದನ್ನು ಮುಚ್ಚಿದರೆ ನನ್ನನ್ನು ಲೈಬ್ರರಿಯಲ್ಲಿ ಕೂರಿಸುವವರಿದ್ದರು. ನಿವೃತ್ತಿಗೆ ಎರಡೇ ವರ್ಷ, ಹೇಗೋ ಕಳೆಯಬಹುದಿತ್ತು. ಆದರೆ ನನ್ನ ಕಣ್ಣೆದುರಿಗೇ ನನ್ನ ವಿಷಯ ಹೋಗುವುದನ್ನು ನೋಡಲು ನಾನು ತಯಾರಿರಲಿಲ್ಲ.

ಸರಿ, ಆಫೀಸಿನ ಪಕ್ಕದ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂತೆ. ಕೊಯಾಲಿಯ ರಿಫೈನರಿ ಕಾಲೊನಿಯಿಂದ ಬಂದ ಅಪ್ಪಂದಿರು, “ಇತಿಹಾಸ ಓದಿದರೆ ಏನಾಗ್ತಾರೆ ಸಾಹೇಬ?” ಎಂದು ಕೇಳುತ್ತಿದ್ದರು. ನನ್ನನ್ನೇ ತೋರಿಸಿದರೆ ಇನ್ನಷ್ಟು ಹೆದರಿಯಾರೆಂದು ಸಿಲಬಸ್ಸಿನ ಹಾಳೆಯನ್ನು ಮುಂದಕ್ಕೆ ಸರಿಸುತ್ತಿದ್ದೆ. ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೆ ಸೇರಿದವರ ಲೆಕ್ಕ ಒಂಬತ್ತಕ್ಕೆ ಬಂದು ನಿಂತಿತ್ತು.

ಆಗ ಒಬ್ಬ ಹುಡುಗಿ ಬಾಗಿಲಲ್ಲಿ ಇಣುಕಿ, “ಹಿಸ್ಟರಿ ಇಲ್ಲೇನಾ?” ಎಂದಳು. ಖುಷಿಯಾಯಿತು ನೋಡಿ, ಚಟ ಎದ್ದಿತು.

“ಬಾ ಯವ್ವಾ, ಬಾ, ಒಳಗ ಬಾ!” ಎಂದು ಎದ್ದೇ ನಿಂತುಬಿಟ್ಟೆ.

ಗುಜರಾತಿಯಲ್ಲಿ ಬಾ ಎಂದರೆ ತಾಯಿ. ಮನೆಯ ಅಜ್ಜಿಯೂ ಎಲ್ಲರಿಗೂ ಬಾ. ಹುಡುಗಿ ತಬ್ಬಿಬ್ಬಾಗಿ ಹಿಂದೆ ತಿರುಗಿ, “ಬಾ, ಸಾಹೇಬರು ನಿಮ್ಮನ್ನ ಕರೀತಿದ್ದಾರೆ” ಎಂದಳು. ಅವಳ ಬೆನ್ನ ಹಿಂದಿದ್ದ ಅಜ್ಜಿ ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸರಿಮಾಡಿಕೊಂಡು, ನನ್ನೆದುರು ಬಂದು ಕೂತರು. ಹುಡುಗಿಗೆ ಬೇಕಾಗಿದ್ದದ್ದು ಕಾಮರ್ಸು. ಹಿಸ್ಟರಿ ಎಲ್ಲಿ ಎಂದು ಕೇಳಿದ್ದು ಆ ಕೋಣೆಯನ್ನು ತಪ್ಪಿಸುವುದಕ್ಕೆ! ಅವಳು ಪಕ್ಕದ ಕೌಂಟರಿಗೆ ಓಡಿದಳು.

ನಮ್ಮ ಕಡೆ ಚಿಕ್ಕ ಹುಡುಗಿಯರನ್ನೂ ಪ್ರೀತಿಯಿಂದ ಯವ್ವಾ ಎನ್ನುತ್ತೇವೆ, ಅದೂ ತಾಯಿಯೇ. ಎರಡೆರಡು ಭಾಷೆಯಲ್ಲಿ ತಾಯೀ ಎಂದು ಕೂಗಿ ಕೂರಿಸಿಕೊಂಡವರಿಗೆ ‘ನಿಮ್ಮನ್ನಲ್ಲ’ ಎನ್ನಲು ಬಾಯಿ ಬರಲಿಲ್ಲ. ಸಂಕೋಚಕ್ಕೆ ಸಿಲಬಸ್ ಹೇಳತೊಡಗಿದೆ. ಅವರು ಒಂದು ಸಲವೂ ಮೊಬೈಲು ನೋಡದೆ ಕೇಳಿದರು. ಮೆಟ್ಟಿಲುಬಾವಿಗಳ ಪಾಠ ಬಂದಾಗ ಮುಂದಕ್ಕೆ ಬಾಗಿದರು.

“ನಮ್ಮ ತವರಿನಲ್ಲಿ ಅಂಥದ್ದೊಂದಿತ್ತು, ದಿನಾ ನೀರು ಹೊತ್ತಿದ್ದೀನಿ. ಅದನ್ನ ಕಟ್ಟಿಸಿದವರು ಯಾರು ಅಂತ ಇದರಲ್ಲಿ ಇರುತ್ತಾ?”

“ಇಲ್ಲದಿದ್ದರೆ ಹುಡುಕೋಣ” ಎಂದೆ.

ಅವರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, “ಹನ್ನೆರಡನೇ ಕ್ಲಾಸು ಪಾಸಾದ ವರ್ಷವೇ ನನ್ನ ಮದುವೆ ಮಾಡಿದರು. ಮಾರ್ಕ್ಸ್‌ ಕಾರ್ಡು ಇನ್ನೂ ಇಟ್ಟುಕೊಂಡಿದ್ದೀನಿ. ವಯಸ್ಸಿನ ಅಡ್ಡಿ ಇದೆಯಾ ಸಾಹೇಬ?” ಎಂದರು.

ಫಾದರ್ ಹತ್ತಿರ ಓಡಿದೆ. ಅವರು ನಿಯಮಾವಳಿ ಮಗುಚಿ ನೋಡಿ, “ಅಜ್ಜಿಯರು ಬೇಡವೆಂದು ಎಲ್ಲೂ ಬರೆದಿಲ್ಲ” ಎಂದರು, ಮೆತ್ತಗೆ.

ಸಂಜೆ ಆಫೀಸು ಮುಚ್ಚುವ ಮೊದಲೇ ಬಾ ಮಾರ್ಕ್ಸ್‌ ಕಾರ್ಡಿನೊಂದಿಗೆ ಬಂದರು. ಫಾರ್ಮು ತುಂಬಿಯಾಯಿತು. ಸಹಿ ಹಾಕುವ ಜಾಗಕ್ಕೆ ಬಂದ ಪೆನ್ನು ನಿಂತಿತು.

“ಮೂರು ವರ್ಷದ ಕೋರ್ಸು ಅಂತೀರಿ. ನೀವು ಇರ್ತೀರಲ್ಲ ಸಾಹೇಬ?”

ಒಂದು ತಿಂಗಳಿಂದ ಕಂಡಕಂಡವರನ್ನೆಲ್ಲ ‘ಸೇರಿಕೊಳ್ಳಿ’ ಎಂದು ಬೇಡಿದ್ದೆ. ನೀವು ಇರ್ತೀರಾ ಎಂದು ನನ್ನನ್ನು ಕೇಳಿದವರು ಇವರೊಬ್ಬರೇ. ನನ್ನ ನಿವೃತ್ತಿಗೆ ಉಳಿದದ್ದು ಎರಡೇ ವರ್ಷ.

“ಇರ್ತೀನಿ” ಎಂದೆ. ಬಾ ಸಹಿ ಹಾಕಿದರು.

ಇಷ್ಟು ವರ್ಷ ಆಗಿಹೋದದ್ದನ್ನು ಹೇಳಿಯೇ ಸಂಬಳ ತಿಂದವನು ನಾನು. ಇನ್ನೂ ಆಗಬೇಕಾದದ್ದಕ್ಕೆ ಮಾತು ಕೊಟ್ಟದ್ದು ಅದೇ ಮೊದಲು.