ಟೈಲರಕ್ಕ ಕೈ ಎತ್ತಿದ್ದು

ಗಂಡ ಹೋದ ಮೇಲೆ ಕೆಳಬೀದಿಯ ಟೈಲರಕ್ಕನ ಮನೆಯಲ್ಲಿ ಸದ್ದು ಮಾಡುವುದು ಹೊಲಿಗೆ ಮಿಷನ್ನೊಂದೇ, ಅದೂ ತುಳಿದರೆ ಮಾತ್ರ. ಒಂಟಿತನ ಅವಳನ್ನು ಕಿತ್ತು ತಿನ್ನುತ್ತಿತ್ತು, ಸುಳ್ಳೇಕೆ ಹೇಳಲಿ? ಅದರ ಮೇಲೆ ನೀರಿನ ಚಿಂತೆ. ಕೆಳಬೀದಿಯ ಹೆಂಗಸರು ಕೊಡ ಹೊತ್ತು ಮೇಲಿನ ಬೀದಿಯ ನಲ್ಲಿಗೆ ಹೋಗಬೇಕು, ಅಲ್ಲಿಯವರ ಬಕೆಟ್ಟೆಲ್ಲ ತುಂಬುವ ತನಕ ಕಾಯಬೇಕು, ಜೊತೆಗೆ ಬೈಗುಳ ಬೇರೆ. ಈಗ ಊರಿಗೊಂದು ಹೊಸ ಟ್ಯಾಂಕು ಬರುವುದಿತ್ತು. ಎಲ್ಲಿ ಕಟ್ಟಬೇಕೆಂದು ಊರಸಭೆಯಲ್ಲಿ ಕೈ ಎತ್ತಿ ತೀರ್ಮಾನಿಸುವುದು.

"ಕೆಳಬೀದೀಲಿ ಕಟ್ಟಿ ಸ್ವಾಮಿ," ಎಂದು ಅವಳು ಕೇಳಿದ್ದಕ್ಕೆ ಪಂಚಾಯ್ತಿ ಅಧ್ಯಕ್ಷರು ನಕ್ಕಿದ್ದರು. "ಒಬ್ಬಳ ಮಾತಿಗೆ ಟ್ಯಾಂಕ್ ಕಟ್ಟೋಕಾಗುತ್ತೇನಮ್ಮ? ಜನ ಕರ್ಕೊಂಡು ಬಾ."

ಸರಿ, ಹೊರಟಳು ಮಹಾತಾಯಿ. ಹೊಲಿದ ರವಿಕೆ ಕೊಡಲು ಹೋದ ಮನೆಯಲ್ಲೆಲ್ಲ ಅದೇ ಪುರಾಣ. ಹೆಂಗಸರನ್ನು ಒಪ್ಪಿಸುವುದೆಂದರೆ ಕಲ್ಲಿನಲ್ಲಿ ನಾರು ತೆಗೆದಂತೆ. "ಗಂಡಸರ ಮುಂದೆ ಏನಂತ ಮಾತಾಡೋದು? ನನ್ ಕೈಲಾಗಲ್ಲ ಕಣಕ್ಕ," ಎಂದಳು ಪಕ್ಕದ ಮನೆಯ ಸೊಸೆ.

"ಮಾತಾಡ್ಬೇಡ ಕಣೇ. ನನ್ನನ್ನೇ ನೋಡ್ತಿರು. ನಾನು ಕೈ ಎತ್ತಿದ್ರೆ ನೀನೂ ಎತ್ತು. ಅಷ್ಟೇ."

ಈ ಉಪಾಯ ಎಲ್ಲರಿಗೂ ಹಿಡಿಸಿತು. ಸಭೆಯ ದಿನ ಇಡೀ ಕೆಳಬೀದಿಯೇ ಬಂದು ಅವಳ ಹಿಂದೆ ಕೂತಿತು. ಅವಳು ಖುಷಿಯಲ್ಲಿ ಹಿಂದೆ ತಿರುಗಿ ತಲೆ ಎಣಿಸಿದಳು.

ಅಧ್ಯಕ್ಷರು ಎದ್ದು, "ಟ್ಯಾಂಕು ಮೇಲಿನ ಬೀದೀಲೇ ಆಗ್ಲಿ ಅನ್ನೋರು ಕೈ ಎತ್ತಿ," ಎಂದರು.

ಟೈಲರಕ್ಕನಿಗೆ ಮೈಯೆಲ್ಲ ಉರಿಯಿತು. "ಸ್ವಾಮಿ, ಒಂದ್ನಿಮಿಷ!" ಎಂದು ತಡೆಯಲು ಕೈ ಎತ್ತಿದಳು. ಅಯ್ಯೋ, ಎತ್ತಬಾರದಿತ್ತು! ಹಿಂದೆ ಬಳೆಗಳ ಸದ್ದಾಯಿತು. ತಿರುಗಿ ನೋಡಿದರೆ ಎಲ್ಲರ ಕೈಯೂ ಮೇಲೆ. ಪಕ್ಕದ ಮನೆಯ ಸೊಸೆಯಂತೂ ಎರಡೂ ಕೈ ಎತ್ತಿದ್ದಳು.

"ಇಳಿಸ್ರೇ, ಇಳಿಸ್ರೇ!" ಎನ್ನುವಷ್ಟರಲ್ಲಿ ಮೇಲಿನ ಬೀದಿಯವರ ಚಪ್ಪಾಳೆ ಬಿದ್ದಿತ್ತು. "ಮೊದಲು ಎತ್ತಿದ್ದೇ ನೀನಲ್ವೇನಮ್ಮ?" ಎಂದು ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು. ಆಮೇಲೆ ಅವಳು ಎಷ್ಟು ಬಡಿದುಕೊಂಡರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ವಾಪಸು ಬರುವಾಗ ಹೆಂಗಸರು ಮದುವೆಮನೆಯಿಂದ ಬರುವವರ ಹಾಗೆ ನಗುತ್ತಿದ್ದರು. "ಗೆದ್ವಲ್ಲಕ್ಕ?" ಎಂದಳು ಸೊಸೆ.

ಟೈಲರಕ್ಕ ನಡುದಾರಿಯಲ್ಲೇ ನಿಂತು ಆದದ್ದನ್ನು ಬಿಡಿಸಿ ಹೇಳಿದಳು. ನಗು ನಿಂತಿತು. ಬೈಯಲಿ, ಜಗಳಕ್ಕೆ ಬರಲಿ ಎಂದು ಅವಳು ಕಾದಳು. ಒಬ್ಬಳಾದರೂ ಬೈದಿದ್ದರೆ ಜೀವ ಹಗುರಾಗುತ್ತಿತ್ತು. ಎಲ್ಲರೂ ಮತ್ತೆ ಅವಳನ್ನೇ ನೋಡುತ್ತ ನಿಂತರು.

"ಅಲ್ರೇ, ಅವರು ಏನು ಕೇಳಿದ್ರು ಅಂತ ನಿಮಗ್ಯಾರಿಗೂ ಕೇಳಿಸ್ಲಿಲ್ವಾ?"

"ಕೇಳಿಸ್ತು," ಎಂದಳು ಸೊಸೆ. "ಆದ್ರೆ ನೀನು ಎತ್ತಿದ್ಯಲ್ಲ."

ಟೈಲರಕ್ಕನ ಕಣ್ಣಲ್ಲಿ ನೀರು ಕಂಡು ಸೊಸೆ ಅವಳ ಭುಜ ಸವರಿದಳು. "ಹೋಗ್ಲಿ ಬಿಡಕ್ಕ, ಅಳ್ಬೇಡ. ಮುಂದಿನ ಸಲ ನೀನು ಸರಿಯಾಗಿ ಎತ್ತು. ನಾವೂ ಹಾಗೇ ಎತ್ತುತೀವಿ."

ಉಳಿದವರೂ ಹೌದು ಹೌದು ಎಂದು ತಲೆಯಾಡಿಸಿದರು. ಸುತ್ತ ಅಷ್ಟು ಜನರಿದ್ದರೂ ಟೈಲರಕ್ಕನಿಗೆ, ಆ ಸಭೆಗೆ ಹೋಗಿದ್ದು ತಾನೊಬ್ಬಳೇ ಅನಿಸಿತು.