ಅಲಮಾರಿ ಬಾಗಿಲಿನ ವೇಳಾಪಟ್ಟಿ

ನಮ್ಮಕ್ಕನಿಗೆ ಇಪ್ಪತ್ತು ವರ್ಷ. ಬಟ್ಟೆ ಅಲಮಾರಿಯ ಬಾಗಿಲಿನ ಒಳಮೈಗೆ ಅವಳು ಒಂದು ವೇಳಾಪಟ್ಟಿ ಅಂಟಿಸಿದ್ದಾಳೆ. ಬೆಳಿಗ್ಗೆ ಆರರಿಂದ ಓದು, ಎಂಟರಿಂದ ಎರಡರವರೆಗೆ ಕಾಲೇಜು, ಮೂರರಿಂದ ಆರರವರೆಗೆ ಚಿಕ್ಕಪ್ಪನ ಟೈಲರ್ ಅಂಗಡಿ, ಆರೂವರೆಗೆ ಕಂಪ್ಯೂಟರ್ ಕ್ಲಾಸು. ಮಂಗಳವಾರ, ಶುಕ್ರವಾರ ಕ್ಲಾಸಿನ ಬದಲು ವಾಲಿಬಾಲ್. ಶನಿವಾರ ಎರಡೂವರೆಯಿಂದ ಮೂರರವರೆಗೆ ‘ಸುಮ್ಮನಿರುವುದು’ ಎಂದಿದೆ. ಆ ಅರ್ಧ ಗಂಟೆಯಲ್ಲಿ ಯಾರು ಕರೆದರೂ ಅವಳು ಓಗೊಡುವುದಿಲ್ಲ.

ಅಜ್ಜಿ ಅವಳಿಗಿಟ್ಟ ಹೆಸರು ‘ಬಸ್‌ಸ್ಟ್ಯಾಂಡು’. ಊಟಕ್ಕೆ ತಟ್ಟೆ ಇಡುವ ಮೊದಲು, ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತಾರೆ.

ನಾನು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಅವಳ ಓಡಾಟ ನೋಡಿದರೇ ನನಗೆ ಸುಸ್ತು. ಇಷ್ಟೆಲ್ಲ ಯಾಕಕ್ಕ ಎಂದು ಒಮ್ಮೆ ಕೇಳಿದ್ದೆ.

“ಖಾಲಿ ಕೂತಿರೋ ಹುಡುಗಿ ಹೊತ್ತು ಮನೆಮಂದಿಗೆಲ್ಲ ಸೇರಿದ್ದು ಕಣೇ. ಪಟ್ಟೀಲಿ ಬರ್ದಿರೋದು ಮಾತ್ರ ನಂದು,” ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, ಒಂದನ್ನು ಮುಗಿಸಿ ಇನ್ನೊಂದಕ್ಕೆ ಓಡುವಾಗ ತನಗೆ ಖುಷಿಯೂ ಆಗುತ್ತದೆ ಎಂದು ಸೇರಿಸಿದಳು.

ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆ. ಅಲ್ಲಿ ಅಕ್ಕನ ಕೆಲಸ ಕಾಜ ಹೊಲಿಯುವುದು. ಕಾಜ ಎಂದರೆ ಗುಂಡಿ ತೂರುವ ಸೀಳು. ಒಮ್ಮೆ ಕತ್ತರಿಸಿದರೆ ಮುಚ್ಚಲಾಗುವುದಿಲ್ಲ. ಕಳೆದ ತಿಂಗಳು ಅವಳು ಗಂಡಸರ ಎಂಟು ಅಂಗಿಗಳಿಗೆ, ಹೆಂಗಸರ ಅಂಗಿಗೆ ಮಾಡುವ ಹಾಗೆ, ಬಲಗಡೆ ಕಾಜ ಮಾಡಿಬಿಟ್ಟಳು.

ಚಿಕ್ಕಪ್ಪ ಕೂಗಾಡಲಿಲ್ಲ. ಎರಡು ದೋಣಿಯ ಮೇಲೆ ಕಾಲಿಟ್ಟವರನ್ನು ಕಂಡಿದ್ದೇನೆ, ಇವಳದು ನಾಲ್ಕು ದೋಣಿ, ಮುಳುಗದೆ ಇನ್ನೇನು ಎಂದರು. ಮುಂದಿನ ವರ್ಷದ ಕಾಲೇಜು ಅರ್ಜಿಗೆ ಪೋಷಕರ ಸಹಿ ಬೇಕಿತ್ತು. ಅಪ್ಪನಿಲ್ಲದ ನಮಗೆ ಪೋಷಕರು ಅವರೇ. ಅರ್ಜಿಯನ್ನು ಕತ್ತರಿಯ ಡ್ರಾಯರಿಗೆ ಹಾಕಿ ಬೀಗ ಹಾಕಿದರು. ಕೊನೆಯ ದಿನ ಶನಿವಾರ.

ಗುರುವಾರ ಸರಿಯಾಗಿ ಮೂರಕ್ಕೆ ಅಕ್ಕ ಆ ಎಂಟು ಅಂಗಿಗಳನ್ನೂ ಮೇಜಿನ ಮೇಲೆ ಸಾಲಾಗಿ ಹರಡಿದಳು. ನಮ್ಮಲ್ಲಿ ಪ್ರತಿ ಅಂಗಿಯ ಕಾಲರಿಗೆ ಒಂದು ಬಟ್ಟೆಚೂರು ಸಿಕ್ಕಿಸಿರುತ್ತದೆ. ಕೆಲಸ ಮುಗಿಸಿದವರು ಅದರ ಮೇಲೆ ತಾರೀಕು ಬರೆಯಬೇಕು. ನಿಯಮ ಮಾಡಿದವರು ಚಿಕ್ಕಪ್ಪನೇ.

“ತಾರೀಕು ಓದಿ, ಚಿಕ್ಕಪ್ಪ.”

ಎಂಟರ ಮೇಲೂ ಒಂದೇ ತಾರೀಕಿತ್ತು, ಹನ್ನೆರಡು.

“ಅವತ್ತು ಕಾಲೇಜಿಗೆ ರಜೆ. ಕ್ಲಾಸೂ ಇರ್ಲಿಲ್ಲ. ಬೆಳಿಗ್ಗೆಯಿಂದ ಇಲ್ಲೇ ಇದ್ದೆ. ಹೇಗೂ ಖಾಲಿ ಇದ್ದೀಯಲ್ಲ ಅಂತ ಇಸ್ತ್ರಿಗೆ ಕರೆದ್ರಿ, ಟೀಗೆ ಕರೆದ್ರಿ, ಬಾಗಿಲಿಗೆ ಬಂದೋರನ್ನ ಮಾತಾಡ್ಸು ಅಂದ್ರಿ. ಹನ್ನೊಂದು ಸಲ ಎದ್ದಿದ್ದೀನಿ. ನಾಲ್ಕು ದೋಣಿ ಇದ್ದ ದಿನ ಒಂದು ಕಾಜಾನಾದ್ರೂ ತಪ್ಪಿದ್ರೆ ತೋರ್ಸಿ.”

ಚಿಕ್ಕಪ್ಪ ತೋರಿಸಹೊರಟರು. ಬೇರೆ ದಿನಗಳಲ್ಲಿ ಅವಳು ಕಾಜ ಮಾಡಿ ಗೂಟಕ್ಕೆ ತೂಗುಹಾಕಿದ್ದ ಅಂಗಿಗಳನ್ನೆಲ್ಲ ಕನ್ನಡಕ ಏರಿಸಿಕೊಂಡು ಒಂದೊಂದಾಗಿ ನೋಡಿದರು. ಒಂದೂ ಸಿಗಲಿಲ್ಲ.

“ಕೆಲಸವಿಲ್ಲದ ಬಡಗಿ ಮಗುವಿನ ಕುಂಡಿ ಕೆತ್ತಿದ್ನಂತೆ,” ಎಂದರು ಒಳಬಾಗಿಲಲ್ಲಿ ಕೂತಿದ್ದ ಅಜ್ಜಿ, ಯಾರ ಕಡೆಗೂ ನೋಡದೆ.

ಚಿಕ್ಕಪ್ಪ ಡ್ರಾಯರಿನ ಬೀಗ ತೆಗೆದರು. ಸಹಿ ಹಾಕುವ ಮೊದಲು ಪೆನ್ನು ಎತ್ತಿ ಹಿಡಿದು, “ಹೋಗ್ಲಿ, ಆ ವಾಲಿಬಾಲ್ ಆದ್ರೂ ಬಿಡು,” ಎಂದರು.

“ಬಿಡಲ್ಲ, ಚಿಕ್ಕಪ್ಪ.”

ಅಕ್ಕ ಕಣ್ಣು ತಗ್ಗಿಸಲಿಲ್ಲ. ಅವರು ಸಹಿ ಹಾಕಿದರು.

ಆದರೂ ಅಂಗಿಗಳನ್ನು ಹಾಳು ಮಾಡಿದ್ದು ಅವಳೇ ತಾನೆ. ಮುಂಭಾಗ ಬಿಚ್ಚಿ ಹೊಸ ಬಟ್ಟೆ ಹಾಕಬೇಕಿತ್ತು. ಬಿಡುವಾದಾಗ ಮಾಡು ಎಂದರು ಚಿಕ್ಕಪ್ಪ. ಬಿಡುವಾಗಲ್ಲ ಎಂದಳು ಅಕ್ಕ. ಆ ಸಂಜೆ ಅಲಮಾರಿಯ ಬಾಗಿಲು ತೆರೆದು, ಪಟ್ಟಿಯ ಕೆಳಗೆ ಹೊಸ ಸಾಲೊಂದನ್ನು ಬರೆದಳು. ‘ಭಾನುವಾರ, ಒಂಬತ್ತರಿಂದ ಹನ್ನೆರಡು: ನನ್ನ ತಪ್ಪು.’